ಪಡಿಯಚ್ಚು ಕೆಡುವುದೇಕೆ? ಗಣಕಯಂತ್ರದ ಡಿಸ್ಕಿಗೆ ಪೂರ್ಣಪ್ರತಿ ತೆಗೆಯುವ ವಿಚಾರ

ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ಶಿಲಾಶಾಸನಗಳನ್ನೂ ನೋಡಿರಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು ೧೨೨೪ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನೆಂಬುದು ನಮಗೆ ಶಾಸನದಿಂದಲೇ ತಿಳಿದುಬಂದಿದೆ. ಇಂತಹ ಶಾಸನವೊಂದರ ಪ್ರತಿಯನ್ನು ಮಾಡಿಕೊಳ್ಳಬೇಕಾದರೆ ಎರಡು ಮಾರ್ಗಗಳಿವೆ. ಲಿಪಿ ಬಲ್ಲವರು ಕಲ್ಲಿನ ಮುಂದೆ ಕುಳಿತು, ಅಕ್ಷರಗಳನ್ನು ಓದಿ, ಪುಸ್ತಕದಲ್ಲಿ ಬರೆದುಕೊಳ್ಳುವುದು ಒಂದು ಮಾರ್ಗ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ತಟ್ಟಿ ಅಕ್ಷರಗಳ ಕುಳಿಯೊಳಕ್ಕೆ ಇಳಿಸಿ, ಅನಂತರ ಮಸಿಯನ್ನು ಒತ್ತುವುದು ಮತ್ತೊಂದು ಮಾರ್ಗ. ಹೀಗೆ ಮಾಡಿದಾಗ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇದಕ್ಕೆ ಪಡಿಯಚ್ಚು ಎಂದು ಹೆಸರು.

ಇವೆರಡಕ್ಕೂ ಇರುವ ವ್ಯತ್ಯಾಸ ದೊಡ್ಡದು. ಮೊದಲನೆಯದರಲ್ಲಿ ಓದುವವನಿಗೆ ಅರ್ಥವಾದದ್ದು ಮಾತ್ರ ಬರುತ್ತದೆ. ಎರಡನೆಯದರಲ್ಲಿ ಅಕ್ಷರ, ಚಿತ್ರ, ಬಿರುಕು, ಉಳಿಯ ಗೀರು ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿಯೇ ಬರುತ್ತವೆ. ಪಡಿಯಚ್ಚು ತೆಗೆಯುವವನಿಗೆ ಅದರ ಒಂದಕ್ಷರವೂ ಅರ್ಥವಾಗಬೇಕಾಗಿಲ್ಲ. ಮುಂದೆ ಕಲ್ಲು ಒಡೆದುಹೋದರೂ ಪಡಿಯಚ್ಚಿನಿಂದ ಮತ್ತೆ ಓದಬಹುದು. ಹಿಂದಿನವರು ತಪ್ಪಾಗಿ ಓದಿದ್ದನ್ನು ತಿದ್ದಲೂಬಹುದು.

ಮನೆಯ ಗಣಕಯಂತ್ರದಲ್ಲಿರುವ ವಿಷಯಗಳಿಗೆ ಮೀಸಲು ಪ್ರತಿ, ಅಂದರೆ ಬ್ಯಾಕಪ್, ಮಾಡಿಕೊಳ್ಳುವಾಗಲೂ ಇದೇ ಎರಡು ಮಾರ್ಗಗಳಿವೆ. ಬೇಕಾದ ಕಡತಗಳನ್ನು ಆರಿಸಿ ನಕಲು ಮಾಡುವುದು ಮೊದಲನೆಯದು. ಹಾರ್ಡ್ ಡಿಸ್ಕಿನ ಮೇಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ಅದರ ಅರ್ಥವನ್ನು ವಿಚಾರಿಸದೆ, ಇದ್ದಂತೆಯೇ ಒಂದು ದೊಡ್ಡ ಕಡತವಾಗಿ ಇಳಿಸಿಕೊಳ್ಳುವುದು ಎರಡನೆಯದು. ಇದನ್ನು ಡಿಸ್ಕ್ ಇಮೇಜ್ ಎನ್ನುತ್ತಾರೆ. ನಾವು ಪಡಿಯಚ್ಚು ಎಂದೇ ಕರೆಯೋಣ. ಯಂತ್ರವನ್ನು ಎಚ್ಚರಗೊಳಿಸುವ ಮೊದಲ ಸೂಚನೆಗಳು, ಡಿಸ್ಕನ್ನು ಭಾಗಗಳಾಗಿ ವಿಂಗಡಿಸಿರುವ ಪಟ್ಟಿ, ಕಡತಗಳ ಸೂಚಿ ಇವೆಲ್ಲವೂ ಪಡಿಯಚ್ಚಿನಲ್ಲಿ ಬರುವುದರಿಂದ, ಡಿಸ್ಕು ನಾಶವಾದರೆ ಹೊಸದೊಂದನ್ನು ತಂದು ಪಡಿಯಚ್ಚನ್ನು ಅದರ ಮೇಲೆ ಇಳಿಸಿದರೆ ಸಾಕು, ಯಂತ್ರವು ಮೊದಲಿನಂತೆ ನಡೆಯುತ್ತದೆ.

ಆದರೆ ಪಡಿಯಚ್ಚು ತೆಗೆಯುವ ಕೆಲಸ ಅನೇಕ ವೇಳೆ ಅರ್ಧದಲ್ಲಿಯೇ ನಿಂತುಹೋಗುತ್ತದೆ. ತೆರೆಯ ಮೇಲೆ ಅರ್ಥವಾಗದ ಒಂದು ವಾಕ್ಯ ಕಾಣಿಸಿಕೊಳ್ಳುತ್ತದೆ. ಕೆಲವು ವೇಳೆ ಕೆಲಸ ಪೂರ್ತಿಯಾದಂತೆ ತೋರಿದರೂ, ಬೇಕಾದ ದಿನ ಆ ಪ್ರತಿಯು ತೆರೆಯುವುದಿಲ್ಲ. ಇದು ಏಕೆ ಹೀಗೆ, ದೋಷವು ಎಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ, ಮೊದಲು ಮಾಡಬೇಕಾದುದೇನು, ಮಾಡಬಾರದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಡಿಸ್ಕಿನ ರಚನೆ

ಗಣಕಯಂತ್ರಕ್ಕೆ ತಿರುಗುವ ಕಾಂತೀಯ ಡಿಸ್ಕನ್ನು ಜೋಡಿಸಿ ಮಾರಾಟಕ್ಕೆ ತಂದದ್ದು ೧೯೫೬ರಲ್ಲಿ, ಐ.ಬಿ.ಎಂ. ಸಂಸ್ಥೆ. ರಾಮ್ಯಾಕ್ ಎಂಬ ಆ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ವಿಷಯ ಅಡಗುತ್ತದೆ. ಆದರೆ ತತ್ತ್ವ ಅದೇ. ನುಣುಪಾದ ತಟ್ಟೆಯ ಮೇಲೆ ಕಾಂತೀಯ ವಸ್ತುವಿನ ತೆಳುವಾದ ಲೇಪವಿರುತ್ತದೆ. ಅದರ ಅತಿ ಸಣ್ಣ ಪ್ರದೇಶಗಳನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತೀಕರಿಸಿ ಸೊನ್ನೆ ಒಂದುಗಳನ್ನು ಬರೆಯಲಾಗುತ್ತದೆ. ಓದುವ ತಲೆಯು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರು. ಆದುದರಿಂದ ಒಂದು ಧೂಳಿನ ಕಣವಾಗಲಿ, ಓಡುತ್ತಿರುವ ಡಿಸ್ಕಿಗೆ ತಗುಲಿದ ಒಂದು ಪೆಟ್ಟಾಗಲಿ ಎಷ್ಟು ಹಾನಿ ಮಾಡಬಲ್ಲದೆಂದು ಊಹಿಸಬಹುದು.

ತಟ್ಟೆಯ ಮೇಲಿನ ವಿಷಯವು ಒಂದೇ ಸಮನೆ ಹರಡಿಕೊಂಡಿರುವುದಿಲ್ಲ. ವೃತ್ತಾಕಾರದ ಹಾದಿಗಳಿದ್ದು, ಪ್ರತಿಯೊಂದು ಹಾದಿಯೂ ಸೆಕ್ಟರ್ ಎಂಬ ಸಣ್ಣ ಖಂಡಗಳಾಗಿ ಭಾಗವಾಗಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದು ಖಂಡಕ್ಕೆ ೫೧೨ ಬೈಟುಗಳು. ಈಚಿನವುಗಳಲ್ಲಿ ಸಾಮಾನ್ಯವಾಗಿ ೪,೦೯೬ ಬೈಟುಗಳು. ಓದುವುದಾದರೆ ಇಡೀ ಖಂಡವನ್ನೇ ಓದಬೇಕು. ಪ್ರತಿಯೊಂದು ಖಂಡದ ಜೊತೆಯಲ್ಲಿಯೂ, ನಮ್ಮ ಕಣ್ಣಿಗೆ ಬೀಳದ ಕೆಲವು ಹೆಚ್ಚಿನ ಅಂಕೆಗಳನ್ನು ಡಿಸ್ಕು ತಾನೇ ಬರೆದಿಟ್ಟಿರುತ್ತದೆ. ಇವೇ ನಮ್ಮ ವಿಷಯದ ಜೀವಾಳ. ಈ ಅಂಕೆಗಳ ಕೆಲಸವನ್ನು ಮೊದಲು ತಿಳಿದುಕೊಳ್ಳೋಣ.

ಮೊತ್ತದ ಪರೀಕ್ಷೆ, ಶೇಷದ ಪರೀಕ್ಷೆ

ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಐದು ಚೀಲಗಳನ್ನು ತೂಗಿ, ಚೀಟಿಯಲ್ಲಿ ೫೧, ೪೯, ೫೦, ೫೨, ೪೮ ಎಂದು ಬರೆದು, ಕೆಳಗೆ ಮೊತ್ತ ೨೫೦ ಎಂದು ಬರೆದಿದ್ದಾರೆಂದು ಇಟ್ಟುಕೊಳ್ಳೋಣ. ಚೀಟಿಯ ಮೇಲೆ ನೀರು ಬಿದ್ದು ಮೂರನೆಯ ಅಂಕಿ ಅಳಿಸಿಹೋಯಿತು. ಉಳಿದ ನಾಲ್ಕರ ಮೊತ್ತ ೨೦೦. ಆದುದರಿಂದ ಅಳಿಸಿಹೋದದ್ದು ೫೦. ಮೊತ್ತವೆಂಬ ಒಂದು ಹೆಚ್ಚಿನ ಅಂಕಿಯನ್ನು ಇಟ್ಟುಕೊಂಡದ್ದರಿಂದ ಕಳೆದುಹೋದದ್ದು ಮರಳಿ ದೊರೆಯಿತು. ಅಂಕಿ ಅಳಿಸದೆ, ೪೯ನ್ನು ೪೬ ಎಂದು ಯಾರಾದರೂ ತಪ್ಪಾಗಿ ಓದಿದರೆ? ಮೊತ್ತ ೨೪೭ ಬರುತ್ತದೆ. ತಪ್ಪು ಇದೆಯೆಂಬುದು ಗೊತ್ತಾಗುತ್ತದೆ, ಎಲ್ಲಿದೆಯೆಂಬುದು ಗೊತ್ತಾಗುವುದಿಲ್ಲ.

ಎಲ್ಲಿದೆಯೆಂದು ತಿಳಿಯಬೇಕಾದರೆ ಅಡ್ಡಸಾಲಿಗೊಂದು, ಉದ್ದಸಾಲಿಗೊಂದು ಮೊತ್ತ ಬೇಕು. ಉದಾಹರಣೆಗೆ:

೨  ೭  ೪  |  ೧೩
೫  ೧  ೬  |  ೧೨
೩  ೮  ೨  |  ೧೩
೧೦  ೧೬  ೧೨

ನಡುವಣ ೧ನ್ನು ೪ ಎಂದು ಓದಿದರೆ ಎರಡನೆಯ ಅಡ್ಡಸಾಲಿನ ಮೊತ್ತವೂ, ಎರಡನೆಯ ಉದ್ದಸಾಲಿನ ಮೊತ್ತವೂ ಮೂರು ಹೆಚ್ಚಾಗಿ ಬರುತ್ತವೆ. ಈ ಎರಡು ಸಾಲುಗಳು ಕೂಡುವ ಸ್ಥಳದಲ್ಲಿಯೇ ತಪ್ಪಿದೆ. ಅಲ್ಲಿಂದ ಮೂರನ್ನು ಕಳೆದರೆ ಸರಿಯಾದ ಅಂಕಿ ಬರುತ್ತದೆ. ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನು ಇಂತಹ ತಿದ್ದುವ ಸಂಕೇತಗಳನ್ನು ೧೯೫೦ರಲ್ಲಿ ಪ್ರಕಟಿಸಿದನು. ವಾರದ ಕೊನೆಯ ರಜೆಯಲ್ಲಿ ಅವನು ಒಪ್ಪಿಸಿ ಹೋದ ಲೆಕ್ಕವನ್ನು, ಯಂತ್ರವು ತಪ್ಪು ಕಂಡೊಡನೆ ಕೈಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು. ತಪ್ಪಿದೆಯೆಂದು ಕಂಡುಹಿಡಿಯಬಲ್ಲ ಯಂತ್ರವು ಅದನ್ನು ತಿದ್ದಲೂ ಏಕೆ ಬಾರದು ಎಂಬ ವಿಚಾರದಿಂದ ಆ ಶೋಧನೆ ಹುಟ್ಟಿತು. ೧೯೬೦ರಲ್ಲಿ ರೀಡ್ ಮತ್ತು ಸಾಲೊಮನ್, ೧೯೬೨ರಲ್ಲಿ ಗ್ಯಾಲಗರ್ ಪ್ರಕಟಿಸಿದ ಇನ್ನೂ ಸಮರ್ಥವಾದ ಸಂಕೇತಗಳು ಮುಂದೆ ಡಿಸ್ಕುಗಳಲ್ಲಿ ಬಳಕೆಗೆ ಬಂದುವು.

ಮೊತ್ತದ ಪರೀಕ್ಷೆಗೆ ಒಂದು ಕೊರತೆಯಿದೆ. ೫೧, ೪೯ ಎಂಬುದನ್ನು ೪೯, ೫೧ ಎಂದು ಹಿಂದುಮುಂದಾಗಿ ಬರೆದರೂ ಮೊತ್ತ ನೂರೇ. ಸ್ಥಾನಪಲ್ಲಟವನ್ನು ಅದು ಕಾಣಲಾರದು. ಇದಕ್ಕೆ ಪರಿಹಾರ ಭಾಗಾಕಾರ. ಎರಡನ್ನೂ ಸೇರಿಸಿ ೫೧೪೯ ಎಂಬ ಒಂದೇ ಸಂಖ್ಯೆಯಾಗಿ ಭಾವಿಸಿ ೯೭ರಿಂದ ಭಾಗಿಸಿದರೆ ಶೇಷ ೮. ಹಿಂದುಮುಂದಾದ ೪೯೫೧ನ್ನು ಭಾಗಿಸಿದರೆ ಶೇಷ ೪. ತಪ್ಪು ಬಯಲಾಯಿತು. ಗಣಕಯಂತ್ರದಲ್ಲಿ ಈ ಭಾಗಾಕಾರವನ್ನು ಸೊನ್ನೆ ಒಂದುಗಳ ಮೇಲೆ, ದಶಕವಿಲ್ಲದ ಒಂದು ಬಗೆಯ ಲೆಕ್ಕದಲ್ಲಿ ಮಾಡುತ್ತಾರೆ. ಅದಕ್ಕೆ ಸೈಕ್ಲಿಕ್ ರಿಡಂಡೆನ್ಸಿ ಚೆಕ್, ಸಂಕ್ಷೇಪವಾಗಿ ಸಿ.ಆರ್.ಸಿ., ಎಂದು ಹೆಸರು. ಪೀಟರ್ಸನ್ ಮತ್ತು ಬ್ರೌನ್ ಇದನ್ನು ೧೯೬೧ರಲ್ಲಿ ವಿವರಿಸಿದರು. ಪ್ರತಿ ತೆಗೆಯುವಾಗ ವಿಂಡೋಸ್ ಯಂತ್ರದ ತೆರೆಯ ಮೇಲೆ ‘ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ವಾಕ್ಯ ಕಂಡರೆ, ಅದರ ಅರ್ಥ ಇಷ್ಟೆ: ಖಂಡವೊಂದನ್ನು ಓದಿದೆ, ಅದು ತನ್ನ ಪರೀಕ್ಷೆಯ ಅಂಕಿಗೆ ಹೊಂದಲಿಲ್ಲ, ತಿದ್ದಲೂ ಆಗಲಿಲ್ಲ, ತಪ್ಪಾದುದನ್ನು ಕೊಡುವುದಕ್ಕಿಂತ ಏನನ್ನೂ ಕೊಡದಿರುವುದು ಮೇಲೆಂದು ನಿಲ್ಲಿಸಿದ್ದೇನೆ.

ದಿನವೂ ನಡೆಯುವ ಡಿಸ್ಕು ಅಂದೇ ಕೈಕೊಡುವುದೇಕೆ?

ಲೋಕಿಕೆರೆಯಿಂದ ದಾವಣಗೆರೆಯ ಕಾಲೇಜಿಗೆ ಬರುವ ಒಬ್ಬ ವಿದ್ಯಾರ್ಥಿಯನ್ನು ಭಾವಿಸೋಣ. ಅವನ ಮನೆಯ ಗಣಕಯಂತ್ರದಲ್ಲಿ ಪಾಠದ ಟಿಪ್ಪಣಿಗಳಿವೆ, ಹೊಲದ ಪಹಣಿಯ ಪ್ರತಿಗಳಿವೆ, ಮದುವೆಯ ಚಿತ್ರಗಳಿವೆ, ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಿಕೆ ಇದೆ. ಟಿಪ್ಪಣಿಯನ್ನು ಮತ್ತೆ ಬರೆಯಬಹುದು. ಪಹಣಿಯನ್ನು ಮತ್ತೆ ಪಡೆಯಬಹುದು. ಅಜ್ಜಿ ಇಲ್ಲವಾದ ಮೇಲೆ ಆ ಹಾಡನ್ನು ಮತ್ತೆ ಮುದ್ರಿಸಿಕೊಳ್ಳುವುದು ಸಾಧ್ಯವಿಲ್ಲ. ಯಂತ್ರವು ದಿನವೂ ಸರಿಯಾಗಿಯೇ ನಡೆಯುತ್ತಿದೆ. ಒಂದು ದಿನ ಪಡಿಯಚ್ಚು ತೆಗೆಯಲು ಹೊರಟಾಗ, ಶೇಕಡ ೬೩ರಷ್ಟು ಆದ ಮೇಲೆ, ಕೆಲಸ ನಿಂತುಹೋಗುತ್ತದೆ. ಪ್ರತಿ ತೆಗೆದದ್ದರಿಂದಲೇ ಡಿಸ್ಕು ಕೆಟ್ಟಿತೆಂದು ಮನೆಯವರು ಹೇಳುವುದು ಸಹಜ.

ನಿಜವಾದ ಕಾರಣ ಬೇರೆ. ದಿನನಿತ್ಯದ ಬಳಕೆಯಲ್ಲಿ ಯಂತ್ರವು ಡಿಸ್ಕಿನ ಸಣ್ಣ ಭಾಗವನ್ನು ಮಾತ್ರ ಓದುತ್ತದೆ. ಐದು ವರ್ಷದ ಹಿಂದೆ ಇಟ್ಟ ಹಾಡನ್ನು ಯಾರೂ ತೆರೆದಿಲ್ಲ. ಅದಿರುವ ಖಂಡಗಳ ಮೇಲೆ ತಲೆಯು ಅಂದಿನಿಂದ ಹಾದಿಲ್ಲ. ಪಡಿಯಚ್ಚು ತೆಗೆಯುವ ಕ್ರಮವಾದರೋ ಬಳಕೆಯಲ್ಲಿರುವ ಖಂಡಗಳನ್ನೆಲ್ಲ, ಕೆಲವು ವೇಳೆ ಖಾಲಿಯಿರುವ ಖಂಡಗಳನ್ನೂ, ಬಿಡದೆ ಓದುತ್ತದೆ. ಹೊಲದ ಬದುವಿನ ಮೇಲೆ ದಿನವೂ ನಡೆಯುವವನಿಗೆ ನಡುಹೊಲದಲ್ಲಿ ಬಿದ್ದಿರುವ ರೋಗ ಕಾಣದು. ಸಾಲುಸಾಲಾಗಿ ನಡೆದವನಿಗೆ ಕಾಣುತ್ತದೆ. ಹಳೆಯ ದೋಷವನ್ನು ಪಡಿಯಚ್ಚು ಬಯಲಿಗೆ ತಂದಿತೇ ಹೊರತು ಉಂಟುಮಾಡಲಿಲ್ಲ.

ಓದಲಾರದ ಖಂಡ ಬಂದೊಡನೆ ಡಿಸ್ಕು ಸುಮ್ಮನಾಗುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಒಂದು ಖಂಡಕ್ಕಾಗಿ ಅದು ಐದು ಸೆಕೆಂಡು ಹೆಣಗಿದರೆ, ಆ ಖಂಡವು ತಲೆಯ ಕೆಳಗೆ ೬೦೦ ಸಲ ಹಾದುಹೋಗುತ್ತದೆ. ಒಳ್ಳೆಯ ಖಂಡಕ್ಕೆ ಒಂದು ಸಲ ಸಾಕು. ಪ್ರತಿಯ ವೇಗ ಒಮ್ಮೆಗೇ ಕುಸಿದು, ಯಂತ್ರ ಸ್ತಬ್ಧವಾದಂತೆ ಕಾಣುವುದಕ್ಕೆ ಇದೇ ಕಾರಣ.

ಹೊಸ ಡಿಸ್ಕು ಕೂಡ ಸಂಪೂರ್ಣ ನಿರ್ದೋಷಿಯಲ್ಲ. ಮನೆಬಳಕೆಯ ಡಿಸ್ಕುಗಳ ವಿವರಪತ್ರದಲ್ಲಿ, ೧ರ ಮುಂದೆ ೧೪ ಸೊನ್ನೆಗಳಷ್ಟು ಬಿಟ್‌ಗಳನ್ನು ಓದಿದರೆ ಹೆಚ್ಚೆಂದರೆ ಒಂದು ಸಲ ತಿದ್ದಲಾಗದ ತಪ್ಪು ಬರಬಹುದೆಂದು ತಯಾರಕರು ಸಾಮಾನ್ಯವಾಗಿ ಬರೆದಿರುತ್ತಾರೆ. ಎಂಟು ಬಿಟ್‌ಗಳಿಗೆ ಒಂದು ಬೈಟಿನಂತೆ ಇದು ಹನ್ನೆರಡೂವರೆ ಟೆರಾಬೈಟ್. ಒಂದು ಟೆರಾಬೈಟಿನ ಡಿಸ್ಕನ್ನು ಒಮ್ಮೆ ಪೂರ್ತಿಯಾಗಿ ಓದುವಾಗ, ಈ ಮಿತಿಯ ಲೆಕ್ಕದಲ್ಲಿ, ತಪ್ಪು ಬರುವ ಸಂಭವ ನೂರಕ್ಕೆ ಎಂಟರಷ್ಟು. ಇದು ಮಿತಿಯ ಅಂಕಿಯೇ ಹೊರತು ಪ್ರತಿ ಡಿಸ್ಕಿನಲ್ಲಿ ಕಾಣುವ ಅಂಕಿಯಲ್ಲ. ಆದರೂ ಒಂದೇ ಪ್ರತಿಯನ್ನು ನಂಬಿ ಕೂರಬಾರದೆಂಬುದಕ್ಕೆ ಸಾಕಾದ ಕಾರಣ.

ದೋಷದ ಸ್ಥಾನವನ್ನು ಕಂಡುಹಿಡಿಯುವುದು

ಪಡಿಯಚ್ಚು ತೆಗೆಯುವ ಕಾರ್ಯದಲ್ಲಿ ನಾಲ್ಕು ಘಟ್ಟಗಳಿವೆ. ಮೂಲ ಡಿಸ್ಕನ್ನು ಓದುವುದು, ಓದಿದ್ದು ಕೇಬಲ್ ಮತ್ತು ಯಂತ್ರದ ಸ್ಮೃತಿಯ ಮೂಲಕ ಸಾಗುವುದು, ಎರಡನೆಯ ಡಿಸ್ಕಿನ ಮೇಲೆ ಬರೆಯುವುದು, ಬರೆದದ್ದನ್ನು ಪರೀಕ್ಷಿಸುವುದು. ದೋಷವು ಇವುಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಭೌತವಿಜ್ಞಾನದ ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕೇಬಲ್, ಡಿಸ್ಕು, ತಂತ್ರಾಂಶ ಮೂರನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಕೆಲಸ ಆದರೂ ಆಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ, ತಪ್ಪು ಪ್ರತಿ ಸಲವೂ ಒಂದೇ ಸ್ಥಳದಲ್ಲಿ ಬರುತ್ತದೆಯೇ, ಬೇರೆ ಬೇರೆ ಸ್ಥಳದಲ್ಲಿ ಬರುತ್ತದೆಯೇ ಎಂಬುದು. ಶೇಕಡ ೬೩ರಲ್ಲಿಯೇ ಮತ್ತೆ ಮತ್ತೆ ನಿಂತರೆ ಆ ಸ್ಥಳದ ಖಂಡವೇ ಕೆಟ್ಟಿರುವುದು ಸಂಭವ. ಇಂದು ಹನ್ನೆರಡರಲ್ಲಿ, ನಾಳೆ ನಲವತ್ತರಲ್ಲಿ ನಿಂತರೆ ದೋಷವು ತಟ್ಟೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ, ಎಂದರೆ ಕೇಬಲ್, ವಿದ್ಯುತ್ತಿನ ಪೂರೈಕೆ ಅಥವಾ ಸ್ಮೃತಿಯಲ್ಲಿ ಇರುವುದು ಹೆಚ್ಚು ಸಂಭವ.

ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಉಚಿತವಾಗಿ ದೊರೆಯುವ ತಂತ್ರಾಂಶಗಳಿಂದ ಇದನ್ನು ಓದಬಹುದು. ಅದರಲ್ಲಿ ಮೂರು ಸಾಲುಗಳು ಮುಖ್ಯ. ೫ನೆಯದು, ಕೆಟ್ಟ ಖಂಡಗಳ ಬದಲಿಗೆ ಮೀಸಲು ಖಂಡಗಳನ್ನು ಎಷ್ಟು ಸಲ ಬಳಸಲಾಯಿತೆಂಬುದು. ೧೯೭ನೆಯದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಖಂಡಗಳೆಷ್ಟೆಂಬುದು. ೧೯೯ನೆಯದು, ಕೇಬಲಿನ ಮೇಲೆ ಸಾಗುವಾಗ ಉಂಟಾದ ಸಿ.ಆರ್.ಸಿ. ತಪ್ಪುಗಳ ಎಣಿಕೆ. ಮೊದಲೆರಡು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಆಯುಷ್ಯ ಮುಗಿಯುತ್ತ ಬಂದಿದೆ. ಮೂರನೆಯದು ಮಾತ್ರ ಏರುತ್ತಿದ್ದರೆ ಹೊಸ ಕೇಬಲ್ ಸಾಕಾಗಬಹುದು. ಕೇಬಲ್ ಬದಲಾಯಿಸಿದ ಮೇಲೆಯೂ ಈ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಏರುವುದನ್ನು ನಿಲ್ಲಿಸುತ್ತದೆ ಅಷ್ಟೆ. ಇದನ್ನು ತಿಳಿಯದೆ ಒಳ್ಳೆಯ ಡಿಸ್ಕನ್ನು ಎಸೆಯಬಾರದು.

ವಿದ್ಯುತ್ತಿನ ಪೂರೈಕೆಯ ವಿಚಾರದಲ್ಲಿ ಓಮನ ನಿಯಮವನ್ನು ನೆನೆಯಬೇಕು. ಯು.ಎಸ್.ಬಿ. ಎರಡನೆಯ ಆವೃತ್ತಿಯ ದ್ವಾರವು ೫ ವೋಲ್ಟ್ ಒತ್ತಡದಲ್ಲಿ ೫೦೦ ಮಿಲಿಆಂಪಿಯರ್, ಮೂರನೆಯ ಆವೃತ್ತಿಯದು ೯೦೦ ಮಿಲಿಆಂಪಿಯರ್ ಕೊಡಬೇಕೆಂದು ನಿಯಮ. ಉದ್ದವಾದ, ತೆಳುತಂತಿಯ ಕೇಬಲ್ಲೊಂದರ ಹೋಗುವ ಬರುವ ತಂತಿಗಳೆರಡರ ರೋಧವೂ ಸೇರಿ ಅರ್ಧ ಓಮ್ ಇದ್ದು, ಹೊರಡಿಸ್ಕು ೯೦೦ ಮಿಲಿಆಂಪಿಯರ್ ಎಳೆದರೆ, ಕೇಬಲಿನಲ್ಲಿಯೇ ೦.೪೫ ವೋಲ್ಟ್ ಕಳೆದುಹೋಗುತ್ತದೆ. ಡಿಸ್ಕಿಗೆ ಸಿಗುವುದು ೪.೫೫ ವೋಲ್ಟ್. ನಿಂತ ತಟ್ಟೆಯನ್ನು ತಿರುಗಿಸಲು ತೊಡಗುವ ಕ್ಷಣದಲ್ಲಿ ಪ್ರವಾಹ ಇನ್ನೂ ಹೆಚ್ಚು ಬೇಕು. ಒತ್ತಡ ಕುಸಿದಾಗ ಡಿಸ್ಕು ಒಮ್ಮೆ ನಿಂತು ಮತ್ತೆ ಎದ್ದೇಳುತ್ತದೆ. ಪಡಿಯಚ್ಚು ಮಾತ್ರ ಅಲ್ಲಿಗೆ ಮುರಿಯುತ್ತದೆ. ಆದುದರಿಂದ ಗಿಡ್ಡ ಕೇಬಲನ್ನು ಬಳಸಿ, ಯಂತ್ರದ ಹಿಂಬದಿಯ ದ್ವಾರಕ್ಕೆ ನೇರವಾಗಿ ಜೋಡಿಸುವುದು ಲೇಸು.

ಕಾಲದ ಲೆಕ್ಕವನ್ನೂ ಮೊದಲೇ ಮಾಡಬೇಕು. ೫೦೦ ಗಿಗಾಬೈಟನ್ನು ಸೆಕೆಂಡಿಗೆ ೧೦೦ ಮೆಗಾಬೈಟ್ ವೇಗದಲ್ಲಿ ಇಳಿಸಿದರೆ ೫,೦೦೦ ಸೆಕೆಂಡು, ಅಂದರೆ ಸುಮಾರು ೮೩ ನಿಮಿಷ. ಹಳೆಯ ದ್ವಾರದಲ್ಲಿ ವೇಗ ೩೦ ಮೆಗಾಬೈಟಿಗೆ ಇಳಿದರೆ ನಾಲ್ಕು ಗಂಟೆ ೩೮ ನಿಮಿಷ. ಹಳ್ಳಿಯಲ್ಲಿ ಇಷ್ಟು ಹೊತ್ತು ವಿದ್ಯುತ್ತು ಕಡಿಯದೆ ಇರುವ ವೇಳೆ ಯಾವುದೆಂದು ಮನೆಯವರಿಗೆ ಗೊತ್ತಿರುತ್ತದೆ. ಆ ವೇಳೆಯನ್ನೇ ಆರಿಸಬೇಕು, ಅಥವಾ ಯು.ಪಿ.ಎಸ್. ಇರಬೇಕು.

ಬರೆಯುವ ಕಡೆಯಲ್ಲಿ ಒಂದು ವಿಚಿತ್ರವಾದ ತೊಂದರೆಯುಂಟು. ಹೊರಡಿಸ್ಕಿನಲ್ಲಿ ಬೇಕಾದಷ್ಟು ಸ್ಥಳವಿದ್ದರೂ, ಸರಿಯಾಗಿ ೪ ಗಿಗಾಬೈಟ್ ಆದೊಡನೆ ಸ್ಥಳವಿಲ್ಲವೆಂದು ಕೆಲಸ ನಿಲ್ಲುತ್ತದೆ. ಆ ಡಿಸ್ಕನ್ನು ಫ್ಯಾಟ್ ೩೨ ಎಂಬ ಹಳೆಯ ಕ್ರಮದಲ್ಲಿ ಸಿದ್ಧಪಡಿಸಿರುವುದೇ ಇದಕ್ಕೆ ಕಾರಣ. ಆ ಕ್ರಮದಲ್ಲಿ ಕಡತದ ಉದ್ದವನ್ನು ೩೨ ಬಿಟ್‌ಗಳಲ್ಲಿ ಬರೆಯುತ್ತಾರೆ. ೩೨ ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ೪,೨೯೪,೯೬೭,೨೯೫. ಅದಕ್ಕಿಂತ ಒಂದು ಬೈಟ್ ಹೆಚ್ಚಾದ ಕಡತಕ್ಕೂ ಅಲ್ಲಿ ಎಡೆಯಿಲ್ಲ. ಖಾಲಿ ಡಿಸ್ಕಾದರೆ ಎನ್.ಟಿ.ಎಫ್.ಎಸ್. ಕ್ರಮದಲ್ಲಿ ಪುನಃ ಸಿದ್ಧಪಡಿಸಬಹುದು. ಅದರಲ್ಲಿ ವಿಷಯವಿದ್ದರೆ ಹಾಗೆ ಮಾಡುವುದರಿಂದ ಅದು ಅಳಿಸಿಹೋಗುವುದರಿಂದ, ಪಡಿಯಚ್ಚನ್ನು ತುಂಡುಗಳಾಗಿ ಬರೆಯುವಂತೆ ತಂತ್ರಾಂಶಕ್ಕೆ ಹೇಳಬೇಕು.

ಓಡುವ ಯಂತ್ರದ ಚಿತ್ರ

ಇನ್ನೊಂದು ಬಗೆಯ ತಪ್ಪು ಡಿಸ್ಕಿನದೂ ಅಲ್ಲ, ಕೇಬಲಿನದೂ ಅಲ್ಲ, ಕಾಲದ್ದು. ಪಡಿಯಚ್ಚು ತೆಗೆಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಯಂತ್ರವು ತನ್ನ ಕಡತಗಳನ್ನು ಬದಲಾಯಿಸುತ್ತಲೇ ಇರುತ್ತದೆ. ಸೂಚಿಯ ಚಿತ್ರ ಹತ್ತು ಗಂಟೆಯದು, ಕಡತದ ಚಿತ್ರ ಹನ್ನೊಂದು ಗಂಟೆಯದು ಎಂದಾದರೆ ಎರಡಕ್ಕೂ ತಾಳೆಯಾಗುವುದಿಲ್ಲ. ವಿಂಡೋಸಿನಲ್ಲಿ ಇದಕ್ಕೆ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಏರ್ಪಾಡಿದೆ. ಒಂದು ಕ್ಷಣವನ್ನು ಗೊತ್ತುಮಾಡಿ, ಆಮೇಲೆ ಯಾವ ಖಂಡವನ್ನು ಬದಲಾಯಿಸಬೇಕಾದರೂ ಅದರ ಹಳೆಯ ರೂಪವನ್ನು ಮೊದಲು ಬೇರೆ ಕಡೆ ಎತ್ತಿಡುವುದು ಅದರ ಉಪಾಯ. ಪಡಿಯಚ್ಚಿಗೆ ಆ ಹಳೆಯ ರೂಪವನ್ನೇ ಕೊಡಲಾಗುತ್ತದೆ. ಎತ್ತಿಡುವುದಕ್ಕೆ ಡಿಸ್ಕಿನಲ್ಲಿ ಖಾಲಿ ಸ್ಥಳವಿಲ್ಲದಿದ್ದರೆ, ಅಥವಾ ಎರಡು ಬ್ಯಾಕಪ್ ತಂತ್ರಾಂಶಗಳು ಒಂದೇ ವೇಳೆಗೆ ಈ ಏರ್ಪಾಡನ್ನು ಕೋರಿದರೆ, ಕೆಲಸ ಆರಂಭದಲ್ಲಿಯೇ ವಿಫಲವಾಗಬಹುದು. ಸ್ವಲ್ಪ ಸ್ಥಳ ತೆರವು ಮಾಡಿ, ಒಂದು ತಂತ್ರಾಂಶವನ್ನು ನಿಲ್ಲಿಸಿ, ಯಂತ್ರವನ್ನು ಹೊಸದಾಗಿ ಆರಂಭಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ಇದಾವುದೂ ಆಗದಿದ್ದರೆ, ಪೆನ್‌ಡ್ರೈವಿನಲ್ಲಿರುವ ಬೇರೊಂದು ಕಾರ್ಯವ್ಯವಸ್ಥೆಯಿಂದ ಯಂತ್ರವನ್ನು ಎಬ್ಬಿಸಿ, ಮೂಲ ಡಿಸ್ಕು ನಿದ್ರಿಸುತ್ತಿರುವಾಗ ಪಡಿಯಚ್ಚು ತೆಗೆಯುವುದು ಉತ್ತಮ. ಡಿಸ್ಕನ್ನು ಬಿಟ್‌ಲಾಕರಿನಿಂದ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು.

ಮೊದಲು ಪ್ರತಿ, ಅನಂತರ ದುರಸ್ತಿ

ಈಗ ಬಹು ಮುಖ್ಯವಾದ ವಿಷಯಕ್ಕೆ ಬಂದೆವು. ಖಂಡಗಳು ಕೆಟ್ಟಿವೆಯೆಂದು ಗೊತ್ತಾದೊಡನೆ ಹೆಚ್ಚಿನವರು ಮಾಡುವ ಕೆಲಸ, ಚೆಕ್‌ಡಿಸ್ಕ್ ಎಂಬ ದುರಸ್ತಿಯ ತಂತ್ರಾಂಶವನ್ನು ಓಡಿಸುವುದು. ಡಿಸ್ಕು ಗಟ್ಟಿಯಾಗಿದ್ದು, ಕಡತಗಳ ಸೂಚಿ ಮಾತ್ರ ವಿದ್ಯುತ್ತು ಕಡಿದದ್ದರಿಂದ ಅಸ್ತವ್ಯಸ್ತವಾಗಿದ್ದರೆ ಇದು ಸರಿಯಾದ ಚಿಕಿತ್ಸೆ. ಆದರೆ ಸಾಯುತ್ತಿರುವ ಡಿಸ್ಕಿನಲ್ಲಿ ಇದು ಅಪಾಯಕರ. ಕಾರಣಗಳು ಎರಡು. ಒಂದು, ಅದು ಮೂಲದ ಮೇಲೆಯೇ ಬರೆಯುತ್ತದೆ. ಸೂಚಿಯನ್ನು ತನ್ನ ಊಹೆಗೆ ತಕ್ಕಂತೆ ತಿದ್ದುತ್ತದೆ. ಆ ಊಹೆ ತಪ್ಪಾಗಿದ್ದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಎರಡು, ಅದು ಗಂಟೆಗಟ್ಟಲೆ ಡಿಸ್ಕನ್ನು ಓದಿಸುತ್ತದೆ, ಆದರೆ ಓದಿದ್ದನ್ನು ಎಲ್ಲಿಯೂ ಉಳಿಸಿಕೊಡುವುದಿಲ್ಲ. ಉಳಿದಿರುವ ಆಯುಷ್ಯವೆಲ್ಲ ಪರೀಕ್ಷೆಯಲ್ಲಿಯೇ ಕಳೆದುಹೋಗಬಹುದು.

ಆದುದರಿಂದ ಕ್ರಮವು ಹೀಗಿರಬೇಕು. ಮೊದಲು ಯಂತ್ರದ ಬಳಕೆಯನ್ನು ನಿಲ್ಲಿಸುವುದು. ಡಿಸ್ಕು ಇನ್ನೂ ತೆರೆಯುತ್ತಿದ್ದರೆ, ಮರಳಿ ದೊರೆಯಲಾರದ ಕೆಲವೇ ಕಡತಗಳನ್ನು ಮೊದಲು ನಕಲು ಮಾಡುವುದು. ನಮ್ಮ ಉದಾಹರಣೆಯಲ್ಲಿ ಅಜ್ಜಿಯ ಹಾಡುಗಳನ್ನು. ಅನಂತರ ಕೆಟ್ಟ ಖಂಡಗಳನ್ನು ದಾಟಿಹೋಗಬಲ್ಲ ತಂತ್ರಾಂಶದಿಂದ ಪಡಿಯಚ್ಚು ತೆಗೆಯುವುದು. ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಎಂಬುದು ಇಂತಹದು. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ಕೊಂಡೊಯ್ದು, ಕಷ್ಟದ ಭಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಯಾವ ಖಂಡ ಬಂದಿದೆ, ಯಾವುದು ಬಂದಿಲ್ಲವೆಂಬ ನಕ್ಷೆಯನ್ನೂ ಬರೆದಿಡುವುದರಿಂದ, ನಡುವೆ ವಿದ್ಯುತ್ತು ಹೋದರೂ ಬಿಟ್ಟ ಕಡೆಯಿಂದ ಮುಂದುವರಿಸಬಹುದು. ಪ್ರವಾಹ ಏರುತ್ತಿರುವಾಗ ಕೊಯ್ಲು ಮಾಡುವ ರೈತನು ನಿಂತ ತೆನೆಯನ್ನು ಮೊದಲು ಕೊಯ್ದು, ಒರಗಿದ ತೆನೆಗೆ ಆಮೇಲೆ ಬರುವಂತೆ ಇದು. ಮೂಲ ಯಾವುದು, ಗುರಿ ಯಾವುದು ಎಂಬ ಹೆಸರುಗಳನ್ನು ಎರಡೆರಡು ಸಲ ನೋಡಿಕೊಳ್ಳಬೇಕು. ಅವು ಅದಲುಬದಲಾದರೆ ಖಾಲಿ ಡಿಸ್ಕಿನ ಪಡಿಯಚ್ಚು ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಚೆಕ್‌ಡಿಸ್ಕ್ ಮುಂತಾದ ದುರಸ್ತಿಗಳನ್ನು ಪಡಿಯಚ್ಚಿನ ಇನ್ನೊಂದು ಪ್ರತಿಯ ಮೇಲೆ ಮಾಡಬೇಕು, ಮೂಲದ ಮೇಲೆ ಅಲ್ಲ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಕ್ರಮವಾಗಿ ಬರುತ್ತಿದ್ದರೆ ತಲೆಯೇ ಕೆಟ್ಟಿರಬಹುದು. ಆಗ ಯಾವ ಪ್ರಯತ್ನವನ್ನೂ ಮಾಡದೆ ವಿದ್ಯುತ್ತನ್ನು ತೆಗೆದು, ಬಲ್ಲವರಲ್ಲಿಗೆ ಒಯ್ಯುವುದೇ ಸರಿ.

ಕಲ್ಲಿನ ಬಿರುಕು ಪಡಿಯಚ್ಚಿನಲ್ಲಿಯೂ ಬರುವಂತೆ, ಹಳೆಯ ಡಿಸ್ಕಿನ ದೋಷದ ಗುರುತೂ ಕೆಲವು ವೇಳೆ ಹೊಸ ಡಿಸ್ಕಿಗೆ ಬರುವುದುಂಟು. ಹಳೆಯದರಲ್ಲಿ ಕೆಟ್ಟವೆಂದು ಗುರುತುಮಾಡಿದ ಸ್ಥಾನಗಳ ಪಟ್ಟಿ ಪಡಿಯಚ್ಚಿನ ಜೊತೆಯಲ್ಲಿಯೇ ಇಳಿಯುವುದರಿಂದ, ಹೊಸ ಡಿಸ್ಕಿನ ಒಳ್ಳೆಯ ಖಂಡಗಳೂ ಕೆಟ್ಟವೆಂದೇ ತೋರುತ್ತವೆ. ಆಗ ಆ ಪಟ್ಟಿಯನ್ನು ಪುನಃ ಪರೀಕ್ಷಿಸುವಂತೆ ಚೆಕ್‌ಡಿಸ್ಕಿಗೆ ಹೇಳಬಹುದು. ಹೊಸ ಡಿಸ್ಕಿನಲ್ಲಿ ಅದಕ್ಕೆ ಅಪಾಯವಿಲ್ಲ.

ಪ್ರತಿಯನ್ನು ಪರೀಕ್ಷಿಸುವುದು

ಪರೀಕ್ಷಿಸದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ಪಡಿಯಚ್ಚಿನ ತಂತ್ರಾಂಶಗಳಲ್ಲಿ ಪರೀಕ್ಷೆಯ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಹಿಡಿಯುವ ಹೊತ್ತನ್ನು ಉಳಿಸಲು ಹೋಗಬಾರದು. ಇದಲ್ಲದೆ ಎಸ್.ಎಚ್.ಎ. ೨೫೬ ಎಂಬ ಲೆಕ್ಕದಿಂದ ಎಷ್ಟೇ ದೊಡ್ಡ ಕಡತಕ್ಕೂ ೬೪ ಚಿಹ್ನೆಗಳ ಒಂದು ಮುದ್ರೆಯನ್ನು ಪಡೆಯಬಹುದು. ಕಡತದ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿಯಾಗಿ ಬದಲಾಗುತ್ತದೆ. ಪಡಿಯಚ್ಚು ಸಿದ್ಧವಾದ ದಿನ ಮುದ್ರೆಯನ್ನು ಬರೆದಿಟ್ಟರೆ, ಆರು ತಿಂಗಳ ಮೇಲೆ ಮತ್ತೆ ಲೆಕ್ಕಹಾಕಿ ಹೋಲಿಸಬಹುದು.

ಈ ಮುದ್ರೆಯಿಂದ ದೋಷವನ್ನು ವಿಭಜಿಸಲೂಬಹುದು. ಬದಲಾಗದೆ ಸುಮ್ಮನಿರುವ ಒಂದೇ ಕಡತದ ಮುದ್ರೆಯನ್ನು ಎರಡು ಸಲ ತೆಗೆದಾಗ ಎರಡು ಬೇರೆ ಬೇರೆ ಉತ್ತರಗಳು ಬಂದರೆ, ಓದುವಾಗಲೆಲ್ಲ ತಪ್ಪು ಆಗುತ್ತಿದೆ ಎಂದರ್ಥ. ಕೇಬಲನ್ನೂ, ಯಂತ್ರದ ಸ್ಮೃತಿಯನ್ನೂ ಶಂಕಿಸಬೇಕು. ಎರಡು ಸಲವೂ ಒಂದೇ ಉತ್ತರ ಬಂದು, ಅದು ಬರೆದಿಟ್ಟ ಮುದ್ರೆಗೆ ಹೊಂದದಿದ್ದರೆ, ಡಿಸ್ಕಿನ ಮೇಲಿರುವ ಕಡತವೇ ಬದಲಾಗಿದೆ. ಓಡುತ್ತಿರುವ ಕಾರ್ಯವ್ಯವಸ್ಥೆಯ ಡಿಸ್ಕಿಗೆ ಈ ಪರೀಕ್ಷೆ ಸಲ್ಲದು. ಅದು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದರಿಂದ ಮುದ್ರೆಯೂ ಬದಲಾಗುವುದು ನ್ಯಾಯವೇ ಆಗಿದೆ.

ಮುದ್ರೆಯ ಪರೀಕ್ಷೆ ಸಾಕಾದರೂ ಸಮಾಧಾನ ಪಡಬಾರದು. ಮೂಲವೇ ಕೆಟ್ಟಿದ್ದರೆ ಕೆಟ್ಟದ್ದರ ನಿಷ್ಠೆಯಾದ ಪ್ರತಿಗೂ ಮುದ್ರೆ ಸರಿಯಾಗಿಯೇ ಬರುತ್ತದೆ. ಆದುದರಿಂದ ಪಡಿಯಚ್ಚನ್ನು ತೆರೆದು, ಅದರೊಳಗಿನ ಕೆಲವು ಚಿತ್ರಗಳನ್ನು ಕಣ್ಣಾರೆ ನೋಡಿ, ಹಾಡುಗಳನ್ನು ಕಿವಿಯಾರೆ ಕೇಳಬೇಕು. ಸಾಧ್ಯವಾದರೆ ಬೇರೊಂದು ಡಿಸ್ಕಿನ ಮೇಲೆ ಇಳಿಸಿ ಯಂತ್ರ ಎಚ್ಚರಗೊಳ್ಳುವುದೇ ಎಂದು ನೋಡಬೇಕು. ಹೊಸ ಪಡಿಯಚ್ಚು ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವರೆಗೆ ಹಳೆಯದನ್ನು ಅಳಿಸಬಾರದು. ಒಂದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಇಟ್ಟ ಪಡಿಯಚ್ಚು ಪ್ರತಿಯೇ ಅಲ್ಲ. ಡಿಸ್ಕು ಹೋದರೆ ಎರಡೂ ಹೋಗುತ್ತವೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಅದರಲ್ಲಿ ಒಂದು ಮನೆಯಿಂದ ಹೊರಗೆ ಇರಬೇಕೆಂಬುದು ಒಳ್ಳೆಯ ನಿಯಮ. ಲೋಕಿಕೆರೆಯ ಮನೆಯಲ್ಲಿ ಎರಡು, ಹರಿಹರದ ಬಂಧುಗಳ ಮನೆಯಲ್ಲಿ ಒಂದು ಇದ್ದರೆ, ಒಂದು ಮನೆಗೆ ಸಿಡಿಲು ಬಡಿದರೂ ವಿಷಯ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಹೊರಡಿಸ್ಕನ್ನು ಯಂತ್ರದಿಂದ ಬಿಚ್ಚಿಡಬೇಕು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸುಗಳು ಜೋಡಿಸಿದ ಡಿಸ್ಕನ್ನೂ ಬಿಡುವುದಿಲ್ಲ.

ಈಚಿನ ಯಂತ್ರಗಳಲ್ಲಿ ತಟ್ಟೆಗಳಿಲ್ಲದ ಎಸ್.ಎಸ್.ಡಿ. ಇರುತ್ತದೆ. ಅದರಲ್ಲಿ ತಿರುಗುವುದಾವುದೂ ಇಲ್ಲ. ಸಣ್ಣ ಕೋಶಗಳಲ್ಲಿ ಸಿಕ್ಕಿಹಾಕಿಕೊಂಡ ವಿದ್ಯುದಾವೇಶವೇ ಬರವಣಿಗೆ. ಪೆಟ್ಟಿಗೆ ಅದು ಅಷ್ಟಾಗಿ ಅಂಜುವುದಿಲ್ಲ. ಆದರೆ ಅದು ಕೆಡುವಾಗ ಮುನ್ಸೂಚನೆ ಇಲ್ಲದೆ ಒಮ್ಮೆಗೇ ಕೆಡುವುದುಂಟು. ವಿದ್ಯುತ್ತಿಲ್ಲದೆ ಬಹುಕಾಲ ಇಟ್ಟರೆ ಆವೇಶವು ಸೋರಿಹೋಗಲೂಬಹುದು. ಪ್ರತಿಯ ಅಗತ್ಯ ಅಲ್ಲಿ ಹೆಚ್ಚೇ ಹೊರತು ಕಡಮೆಯಲ್ಲ.

ವಿದ್ಯಾರ್ಥಿಗಳು ಮಾಡಿನೋಡಬೇಕಾದುದು

೧. ‘ಲೋಕಿಕೆರೆ’ ಎಂಬ ಒಂದೇ ಪದವಿರುವ ಕಡತವನ್ನು ರಚಿಸಿ ಅದರ ಎಸ್.ಎಚ್.ಎ. ೨೫೬ ಮುದ್ರೆಯನ್ನು ತೆಗೆಯಿರಿ. ವಿಂಡೋಸಿನಲ್ಲಿರುವ ಸರ್ಟ್‌ಯುಟಿಲ್ ಎಂಬ ಸಾಧನದಿಂದ ಇದು ಸಾಧ್ಯ. ಒಂದು ಅಕ್ಷರವನ್ನು ಬದಲಾಯಿಸಿ ಮತ್ತೆ ತೆಗೆಯಿರಿ. ೬೪ರಲ್ಲಿ ಎಷ್ಟು ಚಿಹ್ನೆಗಳು ಬದಲಾದುವು?

೨. ಮೇಲಿನ ಒಂಬತ್ತು ಅಂಕಿಗಳ ಚೌಕದಲ್ಲಿ ನಾಲ್ಕು ಅಂಕಿಗಳನ್ನು ಬದಲಾಯಿಸಿಯೂ ಯಾವ ಮೊತ್ತವೂ ಬದಲಾಗದಂತೆ ಮಾಡಬಹುದೇ? ಆಗುವುದಾದರೆ ಇದರಿಂದ ತಿದ್ದುವ ಸಂಕೇತಗಳ ಮಿತಿಯ ವಿಚಾರವಾಗಿ ಏನು ತಿಳಿಯುತ್ತದೆ?

೩. ೨ ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ ೧೦೦ ಮೆಗಾಬೈಟ್ ವೇಗದಲ್ಲಿ ಪಡಿಯಚ್ಚು ತೆಗೆಯಲು ಎಷ್ಟು ಗಂಟೆ ಬೇಕು? ನಡುವೆ ೫೦೦ ಖಂಡಗಳು ಕೆಟ್ಟಿದ್ದು, ಪ್ರತಿಯೊಂದಕ್ಕೂ ಐದು ಸೆಕೆಂಡು ಹಿಡಿದರೆ ಎಷ್ಟು ಹೆಚ್ಚಾಗುತ್ತದೆ?

ಈ ಮೂರನ್ನೂ ಮಾಡಿದವರು ತಮ್ಮ ಮನೆಯ ಡಿಸ್ಕಿನ ಸ್ಮಾರ್ಟ್ ದಿನಚರಿಯ ೫, ೧೯೭, ೧೯೯ನೆಯ ಸಾಲುಗಳನ್ನು ಇಂದೇ ಓದಿ ಬರೆದಿಟ್ಟುಕೊಳ್ಳಲಿ. ತಿಂಗಳ ಮೇಲೆ ಮತ್ತೆ ಓದಿದಾಗ ಹೋಲಿಸಲು ಆ ಅಂಕಿಗಳು ಬೇಕಾಗುತ್ತವೆ.